ಚಿಂಚೋಳಿ ಕಾಡು ಎಷ್ಟು ದಿನಕ್ಕೆ ಚಿಗುರುತ್ತದೆ? ಅರಣ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳು, ಕಲಬುರಗಿ ವೃತ್ತ
ಹಾಗೂ
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ

ಮಾನ್ಯರೇ,

ಶರಣು ಶರಣಾರ್ಥಿ. ನಾನು ಚಿಂಚೋಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರ್. ನಮ್ಮ ಶಾಲೆಯ ಹಿಂದಿನ ದಿಬ್ಬ ಹತ್ತಿದರೆ ಚಿಂಚೋಳಿ ವನ್ಯಧಾಮದ ಅಂಚು ಕಾಣುತ್ತದೆ. ಆ ಕಾಡಿನ ಬಗ್ಗೆ ತಮ್ಮ ಮುಂದೆ ಒಂದು ಬೇಡಿಕೆ ಇಡಬೇಕಾಗಿದೆ. ಪ್ರತಿ ಬರದ ನಂತರ ಅದರ ಯಾವ ಭಾಗ ಎಷ್ಟು ದಿನಕ್ಕೆ ಚೇತರಿಸಿಕೊಂಡಿತು ಅಂತ ಉಪಗ್ರಹ ಚಿತ್ರಗಳಿಂದ ಒಂದು ನಕ್ಷೆ ಮಾಡಿಸಬೇಕು. ಕಚೇರಿಗೆ ಬಂದು ಅರ್ಜಿ ಕೊಡಬಹುದಿತ್ತು. ಆದರೆ ಇದು ಕಾಡಿನ ಸುತ್ತ ಬದುಕುವ ಎಲ್ಲರಿಗೂ ಗೊತ್ತಾಗಬೇಕಾದ ವಿಷಯ. ಅದಕ್ಕೇ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ಪರೀಕ್ಷೆ ಮುಗಿದಿತ್ತು, ರಜೆ ಇನ್ನೂ ಶುರುವಾಗಿರಲಿಲ್ಲ. ಒಂಬತ್ತನೇ ತರಗತಿಯ ಮಕ್ಕಳನ್ನು ಕಂಪ್ಯೂಟರ್ ಮುಂದೆ ಕೂರಿಸಿ ನಮ್ಮ ಊರಿನ ಉಪಗ್ರಹ ಚಿತ್ರ ತೋರಿಸಿದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ತೆಗೆದ ಚಿತ್ರ ಅದು. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಮಾರ್ಚ್ ಕೊನೆಯ ಚಿತ್ರ. ನಮ್ಮ ಊರು, ಹೊಲಗಳು, ಚಂದ್ರಂಪಳ್ಳಿ ಕೆರೆ, ಕಾಡು, ಎಲ್ಲ ಒಂದೇ ಪರದೆಯ ಮೇಲೆ. ಕಾಡು ಇರುವ ಜಾಗ ಪೂರ್ತಿ ಬೂದಿ ಬಣ್ಣ. ಊರ ಅಂಚಿನ ಹಳ್ಳದ ಉದ್ದಕ್ಕೂ ಮಾತ್ರ ದಟ್ಟ ಹಸಿರಿನ ಒಂದು ಪಟ್ಟಿ.

"ಇದರಲ್ಲಿ ಒಳ್ಳೆ ಕಾಡು ಯಾವುದು?" ಅಂತ ಕೇಳಿದೆ. ಎಲ್ಲರೂ ಆ ಹಸಿರು ಪಟ್ಟಿಯ ಮೇಲೆ ಬೆರಳಿಟ್ಟರು.

ಮರುದಿನ ಭಾನುವಾರ. ಬಿಸಿಲೇರುವ ಮುಂಚೆ ನಡೆದು ಹೋಗಿ ನೋಡಿದೆವು. ಹಸಿರು ಪಟ್ಟಿಯ ಜಾಗದಲ್ಲಿ ಕಾಲಿಡಲು ಆಗಲಿಲ್ಲ, ಎಲ್ಲೆಲ್ಲೂ ಮುಳ್ಳು. ಕೆಳಗೆ ಒಂದು ಎಸಳು ಹುಲ್ಲಿಲ್ಲ. ಒಬ್ಬ ಹುಡುಗಿ ಲಂಗಕ್ಕೆ ಸಿಕ್ಕ ಮುಳ್ಳು ಬಿಡಿಸಿಕೊಳ್ಳುತ್ತ, "ಇದು ಕಾಡಲ್ರೀ ಸರ್, ಬರೀ ಬಳ್ಳಾರಿ ಜಾಲಿ" ಅಂದಳು. ಆಮೇಲೆ ಬೂದಿ ಬಣ್ಣದ ಕಡೆ ನಡೆದೆವು. ಅಲ್ಲಿ ಸಾಗವಾನಿ ಎಲೆ ಉದುರಿಸಿ ನಿಂತಿತ್ತು. ಕಾಲ ಕೆಳಗೆ ತರಗೆಲೆ ಚರಚರ ಅನ್ನುತ್ತಿತ್ತು. ಎಲೆಯೇ ಇಲ್ಲದ ಮುತ್ತಲ ಗಿಡಗಳ ತುದಿಯಲ್ಲಿ ಕೊನೆಯ ಹೂಗಳು ಕೆಂಡದ ಹಾಗೆ ಉಳಿದಿದ್ದವು. ಒಂದು ಗಿಡದ ತೊಗಟೆಯನ್ನು ಉಗುರಿನಿಂದ ಕೆರೆದು ತೋರಿಸಿದೆ. ಒಳಗೆ ಹಸಿರು, ತೇವ. ಗಿಡ ಸತ್ತಿರಲಿಲ್ಲ, ಮಳೆಗೆ ಕಾಯುತ್ತಿತ್ತು.

ಚಿತ್ರದಲ್ಲಿ ಹಸಿರಾಗಿ ಕಂಡದ್ದು ಕಳೆ. ಸತ್ತ ಹಾಗೆ ಕಂಡದ್ದೇ ಕಾಡು. ಅವತ್ತು ಮಕ್ಕಳಿಗೆ ಆದಷ್ಟೇ ಆಶ್ಚರ್ಯ ನನಗೂ ಆಯಿತು. ಆ ಭಾನುವಾರದಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆಕಾಶದಿಂದ ಕಾಡನ್ನು ನೋಡುವಾಗ ನಾವು ಏನನ್ನು ಕೇಳಬೇಕು?

ದೇಶದ ಕಾಡಿನ ಲೆಕ್ಕ ಇಡುವುದು ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ. 1987ರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ವರದಿ ಕೊಡುತ್ತಿದೆ. ಅದರ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಗಿಡಗಳ ನೆತ್ತಿ ನೆಲದ ಶೇಕಡಾ 10ಕ್ಕಿಂತ ಜಾಸ್ತಿ ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಯಾವ ಜಾತಿಯ ಗಿಡ, ಯಾರ ಜಮೀನು ಎನ್ನುವುದು ಆ ಲೆಕ್ಕಕ್ಕೆ ಬರುವುದಿಲ್ಲ. ತೋಪೂ ಕಾಡು, ನೆಡುತೋಪೂ ಕಾಡು, ಜಾಲಿಯ ಪೊದೆಯೂ ಅಷ್ಟು ದಟ್ಟವಾಗಿದ್ದರೆ ಕಾಡೇ. ಎಲೆ ಉದುರುವ ಮುಂಚೆ ಸಿಗಲಿ ಅಂತ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಚಿತ್ರಗಳನ್ನು ಬಳಸುತ್ತಾರೆ. ಈ ಅಳತೆ ತಪ್ಪು ಅಂತ ನಾನು ಹೇಳುವುದಿಲ್ಲ. ಇಷ್ಟು ದೊಡ್ಡ ದೇಶಕ್ಕೆ ಒಂದೇ ಅಳತೆಗೋಲು ಬೇಕು, ಅದು ಸರಳವಾಗಿರಬೇಕು. ಆದರೆ ಆ ಲೆಕ್ಕ ಹೇಳುವುದು ಇವತ್ತು ಎಷ್ಟು ಕಾಡು ಇದೆ ಅಂತ. ನಾಳೆ ಬರ ಬಂದರೆ ಆ ಕಾಡು ತಡೆಯುತ್ತದೋ ಇಲ್ಲವೋ ಅನ್ನುವುದು ಅದರಲ್ಲಿ ಇರುವುದಿಲ್ಲ.

ನಮ್ಮ ಕಡೆ ರೈತರು ಎತ್ತನ್ನು ನೋಡುವ ರೀತಿ ತಮಗೂ ಗೊತ್ತಿರುತ್ತದೆ. ಬೇಸಿಗೆಯಲ್ಲಿ ಎತ್ತು ಸೊರಗುವುದು ಸಹಜ. ಪಕ್ಕೆಲುಬು ಕಂಡರೂ ಯಾರೂ ಗಾಬರಿಯಾಗುವುದಿಲ್ಲ. ಕಾರಹುಣ್ಣಿಮೆ ಕಳೆದು, ಹಸಿ ಹುಲ್ಲು ಬಂದು, ನಾಗರ ಪಂಚಮಿ ಹೊತ್ತಿಗೆ ಮೈ ತುಂಬಿಕೊಂಡರೆ ಎತ್ತು ಗಟ್ಟಿ. ಒಂದು ವರ್ಷ ಮೈ ತುಂಬಲು ದಸರಾವರೆಗೆ ಬೇಕಾಯಿತು, ಅದರ ಮುಂದಿನ ವರ್ಷ ದೀಪಾವಳಿ ಬಂದರೂ ತುಂಬಲಿಲ್ಲ ಅಂದರೆ ಮನೆಯ ಹಿರಿಯರು ತಲೆ ಆಡಿಸುತ್ತಾರೆ. ಎತ್ತು ಇನ್ನೂ ನಡೆಯುತ್ತಿರುತ್ತದೆ, ನೇಗಿಲು ಎಳೆಯುತ್ತಿರುತ್ತದೆ. ಆದರೂ ಅದರ ಕಸುವು ಒಳಗೇ ಹೋಗಿದೆ ಅಂತ ಅವರಿಗೆ ಗೊತ್ತಾಗಿರುತ್ತದೆ.

ಕಾಡಿನ ವಿಜ್ಞಾನಿಗಳೂ ಈಗ ಇದನ್ನೇ ಅಳೆಯುತ್ತಿದ್ದಾರೆ. 2022ರಲ್ಲಿ ಕ್ರಿಸ್ ಬೌಲ್ಟನ್, ಟಿಮ್ ಲೆಂಟನ್, ನಿಕ್ಲಾಸ್ ಬೋರ್ಸ್ ಎನ್ನುವ ಮೂವರು ಅಮೆಜಾನ್ ಕಾಡಿನ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. 1991ರಿಂದ 2016ರವರೆಗಿನ ಉಪಗ್ರಹ ಅಳತೆಗಳನ್ನು ತಿಂಗಳು ತಿಂಗಳಾಗಿ ಜೋಡಿಸಿ ನೋಡಿದರು. ಅವರ ವಿಧಾನ ಕೇಳಲು ಕಷ್ಟ ಅನಿಸಿದರೂ ಒಳಗಿನ ವಿಚಾರ ಸರಳ. ಪ್ರತಿ ತಿಂಗಳಿಗೂ ಕಾಡಿನದೊಂದು ಮಾಮೂಲಿ ಮಟ್ಟ ಇರುತ್ತದೆ. ಮೊದಲು ಅದನ್ನು ಕಳೆಯುತ್ತಾರೆ. ಉಳಿಯುವುದು ಆ ಮಟ್ಟದ ಮೇಲೆ ಕೆಳಗೆ ಆಗುವ ಏರಿಳಿತ. ಗಟ್ಟಿ ಕಾಡಿನಲ್ಲಿ ಒಂದು ತಿಂಗಳು ಆದ ಕುಸಿತ ಬೇಗ ಅಳಿಸಿಹೋಗುತ್ತದೆ. ಕಸುವು ಕಳೆದುಕೊಂಡ ಕಾಡಿನಲ್ಲಿ ಅದು ಮುಂದಿನ ತಿಂಗಳಿಗೂ, ಅದರ ಮುಂದಿನ ತಿಂಗಳಿಗೂ ಎಳೆದುಕೊಂಡು ಹೋಗುತ್ತದೆ. ಈ ಎಳೆತ ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿದ್ದರೆ ಕಾಡು ನಿಧಾನವಾಗುತ್ತಿದೆ ಅಂತ ಅರ್ಥ. ಹೀಗೆ ನೋಡಿದಾಗ, 2000ದ ನಂತರದ ವರ್ಷಗಳಲ್ಲಿ ಅಮೆಜಾನ್ ಕಾಡಿನ ಮುಕ್ಕಾಲು ಭಾಗಕ್ಕೂ ಹೆಚ್ಚು ಕಡೆ ಚೇತರಿಕೆ ನಿಧಾನವಾಗಿದೆ ಎಂದು ಕಂಡಿತು. ಮಳೆ ಕಡಿಮೆ ಇರುವ ಕಡೆ ಮತ್ತು ಮನುಷ್ಯರ ಬಳಕೆ ಇರುವ ನೆಲದ ಹತ್ತಿರ ಇದು ಇನ್ನೂ ಜೋರು. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಅಂಶ. ಕಾಡಿನ ಸರಾಸರಿ ಅಳತೆ ನೋಡಿದರೆ ಈ ಬದಲಾವಣೆ ಗೊತ್ತಾಗುತ್ತಿರಲಿಲ್ಲ. ಎತ್ತು ನೇಗಿಲು ಎಳೆಯುತ್ತಲೇ ಇತ್ತು.

ಅಮೆಜಾನ್ ಎಲ್ಲಿ, ಚಿಂಚೋಳಿ ಎಲ್ಲಿ ಅಂತ ಯಾರಾದರೂ ಕೇಳಬಹುದು. ಉಷ್ಣವಲಯದ ಕಾಡು ಅಂದ ಕೂಡಲೇ ನಮ್ಮ ಮಕ್ಕಳ ಕಣ್ಣಿಗೆ ಬರುವುದು ಆಗುಂಬೆ, ಅಮೆಜಾನ್, ಸದಾ ಮಳೆ. ಆದರೆ ಭೂಪಟದಲ್ಲಿ ಚಿಂಚೋಳಿ ಕರ್ಕಾಟಕ ಸಂಕ್ರಾಂತಿ ವೃತ್ತದ ಒಳಗೇ ಇದೆ. ನಮ್ಮದೂ ಉಷ್ಣವಲಯದ ಕಾಡೇ, ಎಲೆ ಉದುರಿಸಿ ಬದುಕುವ ಒಣ ಕಾಡು. ಸುಮಾರು 134.88 ಚದರ ಕಿಲೋಮೀಟರ್. ಕಲಬುರಗಿ, ಬೀದರ್, ಯಾದಗಿರಿ ಮೂರೂ ರಾಜ್ಯದಲ್ಲಿ ಕಾಡು ಬಹಳ ಕಡಿಮೆ ಇರುವ ಜಿಲ್ಲೆಗಳು. ನಮಗೆ ಇರುವುದೇ ಇಷ್ಟು, ಅದಕ್ಕೇ ಅದರ ನಾಡಿ ಹಿಡಿದು ನೋಡಬೇಕು ಅನ್ನುತ್ತಿದ್ದೇನೆ.

ಹಾಗಂತ ಅಮೆಜಾನಿನ ವಿಧಾನವನ್ನು ಎತ್ತಿ ತಂದು ಇಲ್ಲಿ ಇಡಲು ಆಗುವುದಿಲ್ಲ. ಅವರು ಬಳಸಿದ ಅಳತೆಯಲ್ಲಿ ಒಂದೊಂದು ಚೌಕದ ಬದಿಯೇ ಸುಮಾರು 25 ಕಿಲೋಮೀಟರ್. ನಮ್ಮ ವನ್ಯಧಾಮ ಪೂರ್ತಿ ಸೇರಿದರೂ ಅಂಥ ಒಂದು ಚೌಕದ ಕಾಲು ಭಾಗ ಆಗುವುದಿಲ್ಲ. ಚೌಕದ ಉಳಿದ ಜಾಗವೆಲ್ಲ ತೊಗರಿ ಹೊಲವೇ. ಕಾಡಿನ ಕಥೆ ಕೇಳಲು ಹೋಗಿ ತೊಗರಿಯ ಕಥೆ ಕೇಳಿಕೊಂಡು ಬರುತ್ತೇವೆ. ನಮಗೆ ಬೇಕಾದ್ದು ಸಣ್ಣ ಚೌಕ.

ಅದು ಈಗ ಸಿಗುತ್ತದೆ. ಸೆಂಟಿನೆಲ್-2ರ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ ಒಂದು ಗುಂಟೆ! ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ಬಹಳ ಖುಷಿಯಾಯಿತು. ಪಹಣಿಯಲ್ಲಿ ಗುಂಟೆ ಲೆಕ್ಕ ಇರುವ ಹಾಗೆ, ಚಿಂಚೋಳಿ ಕಾಡಿನ ಸುಮಾರು 13 ಲಕ್ಷ ಗುಂಟೆಗೂ ಒಂದೊಂದು ಚುಕ್ಕೆ ಇದೆ. ಈ ಜೋಡಿ ಉಪಗ್ರಹಗಳ ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಹಾರಿತು. ಇಂಥ ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ನಮ್ಮ ತಲೆಯ ಮೇಲೆ ಬರುವ ಹಾಗೆ ಮಾಡಿದ್ದಾರೆ. ಇನ್ನೂ ಹಿಂದಕ್ಕೆ ಹೋಗಬೇಕಾದರೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳಿವೆ. ಅದರ ಒಂದು ಚುಕ್ಕೆ ಸುಮಾರು ಒಂಬತ್ತು ಗುಂಟೆ. 2008ರಿಂದ ಅವೂ ಪುಕ್ಕಟೆ.

ಎಲೆ ಕೆಂಪು ಬೆಳಕನ್ನು ನುಂಗಿ ಆಹಾರ ಮಾಡಿಕೊಳ್ಳುತ್ತದೆ. ಅದರ ಪಕ್ಕದ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ವಾಪಸ್ ಎಸೆಯುತ್ತದೆ. ಉಪಗ್ರಹ ಇವೆರಡನ್ನೂ ಅಳೆಯುತ್ತದೆ. ಅವುಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಅದಕ್ಕೆ ಎನ್‌ಡಿವಿಐ ಎನ್ನುತ್ತಾರೆ. ದಟ್ಟ ಎಲೆ ಇದ್ದರೆ ಅದು 1ರ ಹತ್ತಿರ ಹೋಗುತ್ತದೆ, ಬರೀ ಮಣ್ಣಿದ್ದರೆ ಸೊನ್ನೆಯ ಹತ್ತಿರ ಇಳಿಯುತ್ತದೆ. ಹತ್ತನೇ ತರಗತಿ ಹುಡುಗರೂ ಮಾಡಬಲ್ಲ ಲೆಕ್ಕ.

ಆದರೆ ಈ ಸಂಖ್ಯೆಯನ್ನೇ ನಂಬಿ ಕೂತರೆ ದಾರಿ ತಪ್ಪುತ್ತೇವೆ. ನಮಗೆ ಮಾತ್ರ ಹಾಗಾಗಿದ್ದಲ್ಲ, ದೊಡ್ಡವರಿಗೂ ಆಗಿದೆ. 2005ರಲ್ಲಿ ಅಮೆಜಾನಿನಲ್ಲಿ ದೊಡ್ಡ ಬರ ಬಂತು. ಆ ಬರದಲ್ಲಿ ಕಾಡು ಇನ್ನೂ ಹಸಿರಾಗಿತ್ತು ಎಂದು ಉಪಗ್ರಹದ ಅಳತೆ ನೋಡಿ 2007ರಲ್ಲಿ ಒಂದು ತಂಡ ಬರೆಯಿತು. 2010ರಲ್ಲಿ ಇನ್ನೊಂದು ತಂಡ ಮೋಡ ಮತ್ತು ಹೊಗೆಯಿಂದ ಕೆಟ್ಟ ಅಳತೆಗಳನ್ನು ತೆಗೆದುಹಾಕಿ ನೋಡಿತು. ಅವರಿಗೆ ಆ ಹಸಿರು ಕಾಣಲಿಲ್ಲ. ನಮ್ಮ ಕಾಡಿನಲ್ಲಿ ಮೋಸ ಮಾಡುವುದು ಜಾಲಿ. ಅಮೆರಿಕ ಖಂಡದಿಂದ ಬಂದ ಗಿಡ, ಬೇರು ಬಹಳ ಆಳಕ್ಕೆ ಇಳಿಯುತ್ತದೆ, ಬರದಲ್ಲೂ ಹಸಿರಾಗೇ ಇರುತ್ತದೆ. ಒಂದು ಗುಂಟೆಯಲ್ಲಿ ಮುತ್ತಲ ಸತ್ತು ಜಾಲಿ ಬಂದರೆ ಸಂಖ್ಯೆ ಏರುತ್ತದೆ. ಕಾಗದದ ಮೇಲೆ ಕಾಡು ಸುಧಾರಿಸಿದೆ ಅಂತ ಬರುತ್ತದೆ.

ಇದಕ್ಕೆ ಉಪಾಯವೂ ಅದೇ ಚಿತ್ರದಲ್ಲಿದೆ. ಮಾರ್ಚ್ ಕೊನೆಯಲ್ಲಿ ಎಲ್ಲ ಬೋಳಾಗಿ ನಿಂತಾಗ ಯಾವುದು ಹಸಿರಾಗಿದೆ ಅಂತ ಗುರುತು ಮಾಡಿಕೊಂಡರೆ ಜಾಲಿ ಎಲ್ಲಿದೆ ಅನ್ನುವುದು ಅರ್ಧ ಸಿಕ್ಕ ಹಾಗೆ. ಅರ್ಧ ಅಂತ ಯಾಕೆ ಹೇಳಿದೆ ಅಂದರೆ, ಹಳ್ಳದ ಬದಿಯ ನೇರಳೆ, ಹೊಸ ಚಿಗುರಿನ ಹೊಂಗೆ, ಯುಗಾದಿಗೆ ಚಿಗುರುವ ಬೇವು ಕೂಡ ಆಗ ಹಸಿರು. ಉಳಿದರ್ಧಕ್ಕೆ ನಡೆದು ಹೋಗಿ ನೋಡಲೇಬೇಕು.

ಇನ್ನೊಂದು ತೊಡಕು ಮೋಡ. ಮಿರಗದ ಮಳೆ ಬಿದ್ದ ಮೇಲೆ ಕಾಡು ಎಷ್ಟು ಬೇಗ ಮೈ ತುಂಬಿಕೊಳ್ಳುತ್ತದೆ ಅಂತ ನೋಡಬೇಕಾದ ಹೊತ್ತಿಗೇ ಆಕಾಶ ಮುಚ್ಚಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಚಿತ್ರ ಸಿಗುವುದು ಅಪರೂಪ. ಇದಕ್ಕೆ ರೇಡಾರ್ ಉಪಗ್ರಹ ಬೇಕು. ರೇಡಾರ್ ತಾನೇ ಅಲೆ ಕಳಿಸಿ ವಾಪಸ್ ಬಂದದ್ದನ್ನು ಕೇಳಿಸಿಕೊಳ್ಳುತ್ತದೆ. ಅದಕ್ಕೆ ಮೋಡವೂ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ನಮ್ಮ ಇಸ್ರೊ ಮತ್ತು ಅಮೆರಿಕದ ನಾಸಾ ಸೇರಿ ಕಟ್ಟಿದ ನಿಸಾರ್ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. 12 ದಿನಕ್ಕೊಮ್ಮೆ ಅದೇ ನೆಲವನ್ನು ನೋಡುವ ಹಾಗೆ ಅದನ್ನು ಮಾಡಿದ್ದಾರೆ. ಅದರ ಉದ್ದ ಅಲೆಗಳು ಎಲೆಯನ್ನು ದಾಟಿ ಟೊಂಗೆ, ಕಾಂಡದವರೆಗೂ ಮುಟ್ಟುತ್ತವೆ. ಎಲೆ ಉದುರಿದ ಕಾಡನ್ನು ಅಳೆಯಲು ಇದಕ್ಕಿಂತ ಒಳ್ಳೆಯದು ಏನು ಬೇಕು? ಉಪಗ್ರಹದ ಮಾಹಿತಿ ಇಳಿಸಿಕೊಳ್ಳುವ ರಾಷ್ಟ್ರೀಯ ದೂರ ಸಂವೇದಿ ಕೇಂದ್ರ ಇರುವುದು ಹೈದರಾಬಾದಿನಲ್ಲಿ. ಚಿಂಚೋಳಿಯಿಂದ ಬೆಂಗಳೂರಿಗಿಂತ ಅದು ಎಷ್ಟೋ ಹತ್ತಿರ.

ಇಲ್ಲಿ ನಮ್ಮವ್ವನ ಮಾತೊಂದು ಹೇಳಬೇಕು. ಅವಳಿಗೆ ಎಪ್ಪತ್ತೆರಡರ ಬರ ಈಗಲೂ ಕಣ್ಣ ಮುಂದಿದೆ. ಜೋಳ ಇರಲಿಲ್ಲ, ಕಾಡಿಗೆ ಹೋಗಿ ಸಿಕ್ಕ ಸೊಪ್ಪು, ಗೆಡ್ಡೆ ತಂದು ಬೇಯಿಸಿದ್ದು, ದನಕ್ಕೆ ಮುತ್ತಲ ಎಲೆ ಹಾಕಿದ್ದು ಎಲ್ಲ ಹೇಳುತ್ತಾಳೆ. "ಬರ ಹೋದ ಮೇಲೆ ನಾವು ಸುಧಾರಿಸೋಕೆ ಎರಡು ವರ್ಷ ಬೇಕಾತು. ಕಾಡು ಒಂದೇ ಮಳಿಗೆ ಎದ್ದು ನಿಂತಿತ್ತು" ಅನ್ನುತ್ತಾಳೆ. ಕಾಕತಾಳೀಯ ನೋಡಿ, ಭೂಮಿಯನ್ನು ನೋಡುತ್ತಿರಲಿ ಅಂತಲೇ ಕಳಿಸಿದ ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದು ಅದೇ 1972ರ ಜುಲೈ 23ರಂದು. ಅವ್ವನ ನೆನಪೂ ಉಪಗ್ರಹದ ನೆನಪೂ ಒಂದೇ ವಯಸ್ಸಿನವು. ಅವ್ವನ ವಯಸ್ಸಿನವರು ಇನ್ನೂ ನಮ್ಮ ನಡುವೆ ಇರುವಾಗಲೇ ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅನ್ನುವುದು ನನ್ನ ಆಸೆ.

ಒಂದೇ ಮಳೆಗೆ ಎದ್ದು ನಿಲ್ಲುವ ಕಸುವು ಆ ಕಾಡಿಗೆ ಈಗಲೂ ಇದೆಯಾ? ನನ್ನ ಬೇಡಿಕೆ ಪೂರ್ತಿ ಈ ಪ್ರಶ್ನೆಯ ಸುತ್ತಲೇ ಇದೆ. 2015 ಮತ್ತು 2018ರಲ್ಲಿ ಬರ ನೋಡಿದೆವು. 2023ರಲ್ಲಿ ರಾಜ್ಯದ ಹೆಚ್ಚಿನ ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ನಡುವೆ 2020ರ ಅಕ್ಟೋಬರ್‌ನಲ್ಲಿ ಭೀಮೆ ಊರುಗಳನ್ನೇ ಮುಳುಗಿಸಿದಳು. ಹತ್ತು ವರ್ಷದೊಳಗೆ ಇಷ್ಟು ಪೆಟ್ಟು ಬಿದ್ದಿದೆ, ಇಷ್ಟೂ ಪೆಟ್ಟಿನ ಚಿತ್ರಗಳು ಸಂಗ್ರಹದಲ್ಲಿವೆ. ಪ್ರತಿ ಬರದ ನಂತರ ಚಿಂಚೋಳಿ ಕಾಡಿನ ಯಾವ ಭಾಗ ಮಾಮೂಲಿ ಮಟ್ಟಕ್ಕೆ ಬರಲು ಎಷ್ಟು ದಿನ ತೆಗೆದುಕೊಂಡಿತು ಅಂತ ಒಂದು ನಕ್ಷೆ ಮಾಡಿಸಿ. ಮಾರ್ಚನ್ನು ಮಾರ್ಚ್ ಜೊತೆಗೇ ಹೋಲಿಸಬೇಕು, ಅಕ್ಟೋಬರನ್ನು ಅಕ್ಟೋಬರ್ ಜೊತೆಗೇ. ಎಲೆ ಉದುರುವ ಕಾಡಿನಲ್ಲಿ ಬೇರೆ ಬೇರೆ ತಿಂಗಳ ಹೋಲಿಕೆಗೆ ಅರ್ಥವಿಲ್ಲ. ಆಯಾ ವರ್ಷದ ಮಳೆಯನ್ನೂ ಪಕ್ಕದಲ್ಲಿ ಬರೆಯಬೇಕು. ಮಳೆ ಬಾರದೆ ಚಿಗುರದಿದ್ದರೆ ಅದು ಕಾಡಿನ ತಪ್ಪಲ್ಲ. ಮಳೆ ಬಂದರೂ ಚಿಗುರದ ಗುಂಟೆಗಳು ಯಾವುವು? ಅವನ್ನು ನಾವು ಮೊದಲು ಹೋಗಿ ನೋಡಬೇಕು. ಬೇಸಿಗೆಯ ಬೆಂಕಿ ಬಿದ್ದ ಜಾಗಗಳನ್ನೂ ಇದರ ಮೇಲೆ ಗುರುತಿಸಬಹುದು, ಬೆಂಕಿಯ ಎಚ್ಚರಿಕೆ ಉಪಗ್ರಹದಿಂದ ಇಲಾಖೆಗೆ ಈಗಾಗಲೇ ಬರುತ್ತದೆ.

ಮಂಡಳಿಯವರಿಗೆ ಒಂದು ಮಾತು. ಚಿತ್ರಕ್ಕೆ ದುಡ್ಡು ಬೇಕಿಲ್ಲ. ಬೇಕಾದ್ದು ಒಂದಿಬ್ಬರು ಬಲ್ಲವರು, ಒಳ್ಳೆಯ ಕಂಪ್ಯೂಟರ್, ಕಾಡಿನಲ್ಲಿ ಓಡಾಡುವವರಿಗೆ ಕೂಲಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಗುಲಬರ್ಗಾ ವಿಶ್ವವಿದ್ಯಾಲಯವಿದೆ. ನಮ್ಮ ಭಾಗದ ಹುಡುಗ ಹುಡುಗಿಯರು ಇದನ್ನು ಕಲಿತು ನಮ್ಮ ಕಾಡಿಗೇ ಬಳಸಲಿ. ಚಿಂಚೋಳಿಯಲ್ಲಿ ಸರಿಯಾಗಿ ಬಂದರೆ ಬೀದರಿನ ಹೊನ್ನಿಕೇರಿ ಕಾಡಿಗೂ ಮಾಡಬಹುದು.

ಇನ್ನು ಬಹಳ ಮುಖ್ಯವಾದ ಒಂದು ಮಾತು. ಇದನ್ನು ಬರೆಯುವಾಗ ನನಗೆ ಸ್ವಲ್ಪ ಹೆದರಿಕೆಯೂ ಇದೆ. ಕಾಡಿನ ಒಳಗೆ ಮತ್ತು ಅಂಚಿನಲ್ಲಿ ಲಂಬಾಣಿ ತಾಂಡಾಗಳಿವೆ. ನನ್ನ ಕ್ಲಾಸಿನ ಎಷ್ಟೋ ಮಕ್ಕಳು ಅಲ್ಲಿಂದಲೇ ನಡೆದು ಬರುತ್ತಾರೆ. ನಕ್ಷೆಯಲ್ಲಿ ತಾಂಡಾದ ಹತ್ತಿರ ಕಾಡು ನಿಧಾನವಾಗಿದೆ ಅಂತ ಕಂಡರೆ, ಕೂಡಲೇ ಅವರ ಕಡೆ ಬೆರಳು ತೋರಿಸುವುದು ಬಹಳ ಸುಲಭ. ದಯವಿಟ್ಟು ಹಾಗೆ ಮಾಡಬೇಡಿ. ಉಪಗ್ರಹಕ್ಕೆ ಏನಾಗಿದೆ ಅಂತ ಕಾಣುತ್ತದೆ, ಯಾಕೆ ಆಗಿದೆ ಅಂತ ಕಾಣುವುದಿಲ್ಲ. ಜಾಲಿ ಬಂದದ್ದರಿಂದಲೋ, ಬೆಂಕಿಯಿಂದಲೋ, ಮೇಲಿನ ಮಣ್ಣು ಕೊಚ್ಚಿ ಹೋದದ್ದರಿಂದಲೋ, ಹಿಂದೆ ಯಾವಾಗಲೋ ಮರ ಕಡಿದದ್ದರಿಂದಲೋ, ಅದನ್ನು ಹೇಳಬಲ್ಲವರು ದಿನಾ ಅಲ್ಲಿ ದನ ಮೇಯಿಸುವವರು, ಬೀಡಿ ಎಲೆ ಕೀಳುವವರು, ತಮ್ಮ ಇಲಾಖೆಯ ಗಸ್ತಿನ ಸಿಬ್ಬಂದಿ. ಮೊದಲು ಅವರನ್ನು ಕೇಳಬೇಕು. ನಕ್ಷೆಯನ್ನು ಕನ್ನಡದಲ್ಲಿ ಅಚ್ಚು ಹಾಕಿ ಪಂಚಾಯಿತಿ ಕಟ್ಟೆಯ ಮೇಲೆ, ತಾಂಡಾದ ಸೇವಾಲಾಲ್ ಗುಡಿಯ ಮುಂದೆ ಹರಡಿ. ತಮ್ಮ ಊರಿನ ಹಳ್ಳ, ದಿಬ್ಬವನ್ನು ಅವರೇ ಗುರುತು ಹಿಡಿದು, ಇಲ್ಲಿ ಹೀಗಾಗಿದೆ ಅಂತ ಹೇಳುತ್ತಾರೆ. ನಮ್ಮ ಮಕ್ಕಳು ಪರದೆಯ ಮುಂದೆ ಹೇಳಿದ ಉತ್ತರ ತಪ್ಪಾಗಿತ್ತು. ನಡೆದು ನೋಡಿ ಹೇಳಿದ್ದು ಸರಿಯಾಗಿತ್ತು.

ಗಿಡ ನೆಡುವ ವಿಷಯದಲ್ಲೂ ಈ ನಕ್ಷೆ ದಾರಿ ತೋರಿಸಬಲ್ಲದು. ತಾನೇ ಬೇಗ ಎದ್ದು ನಿಲ್ಲುವ ಜಾಗದಲ್ಲಿ ಗುಂಡಿ ತೋಡಿ ಸಸಿ ಇಡುವ ಕೆಲಸ ಬೇಡ, ಕಾದು ಕಾಪಾಡಿದರೆ ಸಾಕು. ನಿಧಾನವಾದ ಕಡೆ ಜಾಲಿ ಕಿತ್ತು, ನೀರು ಇಂಗಿಸಿ, ಇಲ್ಲಿನದೇ ಗಿಡಗಳನ್ನು ಬೆಳೆಸಬೇಕು. ಸುಮ್ನೆ ಬೇಗ ಹಸಿರು ಕಾಣಲಿ ಅಂತ ಹೊರಗಿನ ಜಾತಿ ತಂದು ನೆಟ್ಟರೆ ಇನ್ನೊಂದು ಜಾಲಿಯನ್ನು ನಾವೇ ತಂದ ಹಾಗೆ ಆಗುತ್ತದೆ, ಅಲ್ವಾ?

ನಮ್ಮ ಶಾಲೆಯ ಕಡೆಯಿಂದ ಒಂದು ಕೆಲಸ ಆಗಲೇ ಶುರುವಾಗಿದೆ. ಊರ ಅಂಚಿನಿಂದ ಕಾಡಿನವರೆಗೆ ಹತ್ತು ಗಿಡಗಳನ್ನು ಮಕ್ಕಳು ಆರಿಸಿಕೊಂಡಿದ್ದಾರೆ. ಎರಡು ಸಾಗವಾನಿ, ಮೂರು ಮುತ್ತಲ, ಎರಡು ಬೇವು, ಒಂದು ನೇರಳೆ, ಒಂದು ಹೊಂಗೆ. ಹತ್ತನೆಯದು ಜಾಲಿ, ಹೋಲಿಸಿ ನೋಡಲು. ಪ್ರತಿ ಭಾನುವಾರ ಯಾವುದರ ಎಲೆ ಉದುರಿತು, ಯಾವುದು ಚಿಗುರಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತಾರೆ. ಮಿರಗ ಹುಟ್ಟುವ ಜೂನ್ ಮೊದಲ ವಾರದಿಂದ ದಿನಾ ಬರೆಯುತ್ತೇವೆ. ತಮ್ಮ ಇಲಾಖೆಯಿಂದ ಯಾರಾದರೂ ಉಪಗ್ರಹದ ಚಿತ್ರ ಹಿಡಿದು ಬಂದರೆ ಆ ನೋಟ್‌ಬುಕ್ ಅವರ ಕೈಗೆ ಕೊಡುತ್ತೇವೆ. ದಾರಿ ತೋರಿಸಲು ಮಕ್ಕಳೇ ಬರುತ್ತಾರೆ. ಬೆಳಿಗ್ಗೆ ಆರಕ್ಕೆ ಹೊರಟರೆ ಒಳ್ಳೆಯದು, ಆಮೇಲೆ ಬಿಸಿಲು ಜಾಸ್ತಿ.

ಇತಿ ತಮ್ಮ ವಿಶ್ವಾಸಿ,
ಚಿಂಚೋಳಿ ತಾಲ್ಲೂಕಿನ ಒಬ್ಬ ಶಾಲಾ ಮಾಸ್ತರ್